ಮುತ್ತಜ್ಜಿಯ ನಾಲ್ವರು ಗಂಡಂದಿರು

ನಮ್ಮ ಮುತ್ತಜ್ಜಿಗೆ ನಾಲ್ವರು ಗಂಡಂದಿರಿದ್ದರೆಂದು ನನಗೆ ಗೊತ್ತಾದದ್ದು ಒಂದು ಮಂಗಳವಾರ, ಊಟದ ಬಿಡುವಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗ. ಆಮೇಲೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸೇರಿತು. ಸಿಟ್ಟು ಬಂದಾಗ ನನಗೆ ಹಸಿವು ಜಾಸ್ತಿ.

ಪುರಸಭೆ ಕಚೇರಿಯ ಹಳೆ ದಾಖಲೆಗಳ ಕೋಣೆ ನನ್ನ ಸುಪರ್ದಿಯಲ್ಲಿದೆ. ಅದು ನೆಲಮಾಳಿಗೆ. ಇರುವುದೊಂದೇ ಕಿಟಕಿ, ಅದರಲ್ಲಿ ಕಾಣುವುದು ರಸ್ತೆಯಲ್ಲಿ ಹೋಗಿಬರುವವರ ಚಪ್ಪಲಿಗಳು ಮಾತ್ರ. ಊರಿನಲ್ಲಿ ಯಾರಿಗೆ ತಾತ ಬೇಕಾದರೂ ನನ್ನ ಹತ್ತಿರವೇ ಬರಬೇಕು. ಒಬ್ಬನೇ ಮನುಷ್ಯನನ್ನು ಒಂದು ಪುಸ್ತಕದಲ್ಲಿ ಕುಳ್ಳ, ಇನ್ನೊಂದರಲ್ಲಿ ಮೀಸೆಯವ, ಮತ್ತೊಂದರಲ್ಲಿ ಮೂಲೆಮನೆಯವ ಎಂದು ಬರೆದಿಟ್ಟಿರುತ್ತಾರೆ. ಈ ಮೂವರನ್ನೂ ಹಿಡಿದು ತಂದು ಒಬ್ಬನನ್ನಾಗಿ ಮಾಡುವುದು ನನ್ನ ಕೆಲಸ. ಆ ಕಾಲದ ಗುಮಾಸ್ತರಿಗೆ ಹೆಸರು ಕೇಳುವುದೆಂದರೆ ಅವಮಾನ. ಊರಿನವರೆಲ್ಲ ತಮಗೆ ಗೊತ್ತು ಎಂಬ ಜಂಬ. ಮುಖ ನೋಡುವುದು, ತೋಚಿದ್ದನ್ನು ಬರೆಯುವುದು, ಮುಂದಿನವರನ್ನು ಕರೆಯುವುದು. ಅವರ ಜಂಬಕ್ಕೆ ದಂಡ ತೆರುತ್ತಿರುವವಳು ನಾನು.

ಈ ಸಲ ನನ್ನ ಮನೆತನವನ್ನೇ ಹುಡುಕುವ ಹಾಗೆ ಮಾಡಿದವರು ನನ್ನ ಸೋದರಮಾವ. ಮಾಮ ದರ್ಜಿ. ಮಳಿಗೆ ಸಾಲಿನಲ್ಲಿ ಅವರದೊಂದು ಅಂಗಡಿ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಇವೆರಡರ ನಡುವೆ ಮಾಮ ಹೊಟ್ಟೆ ಒಳಕ್ಕೆಳೆದುಕೊಂಡರೆ ತೂರಬಹುದಾದಷ್ಟು ಜಾಗ. ಮಳಿಗೆಗಳೆಲ್ಲ ಪುರಸಭೆಯವು. ಮೊದಲು ಯಾರಿಗೆ ಬರೆದುಕೊಟ್ಟಿದ್ದಾರೋ ಅವರ ವಂಶದವರು, ಅದೂ ಅದೇ ಕಸುಬು ಮಾಡುವವರು ಮಾತ್ರ ಮುಂದುವರಿಯಬಹುದು ಎಂಬುದು ಹಳೆಯ ನಿಯಮ. ಎಲ್ಲರೂ ಮರೆತಿದ್ದ ಆ ನಿಯಮವನ್ನು ಪಕ್ಕದ ಮೊಬೈಲ್ ಕವರ್ ಅಂಗಡಿಯವನು ನೆನಪು ಮಾಡಿಕೊಟ್ಟ. ಅವನ ಕವರುಗಳಿಗೆ ಅವನ ಗೋಡೆ ಸಾಲದೆ ಮಾಮನ ಗೋಡೆಯ ಮೇಲೆ ಕಣ್ಣು ಬಿದ್ದಿತ್ತು. ಮಾಮನಿಗೆ ನೋಟೀಸು ಬಂತು: ಮೂಲ ಹಿಡುವಳಿದಾರರ ವಂಶಸ್ಥರೆಂದು ವಿಚಾರಣೆಯಲ್ಲಿ ಸಾಬೀತುಪಡಿಸಿ, ಇಲ್ಲವೇ ಖಾಲಿ ಮಾಡಿ.

ಮಾಮ ಆ ನೋಟೀಸನ್ನು ನನ್ನ ಮೇಜಿನ ಮೇಲಿಟ್ಟರು.

"ಅಂಗಡಿ ಹೋದ್ರೆ ನಾನು ಎಲ್ಲಿ ಕೂತ್ಕೊಳ್ಲಿ ಪುಟ್ಟೀ?" ಎಂದರು.

ನನಗೆ ಕೂದಲು ನರೆತಿದ್ದರೂ ಅವರಿಗೆ ನಾನು ಪುಟ್ಟಿಯೇ. ಅವರು ಕೇಳಿದ್ದು ದುಡಿಮೆಯ ಮಾತಲ್ಲ. ತಮ್ಮಪ್ಪನ ಕಾಲಡಿ ಕೂತು ಗುಂಡಿ ಆರಿಸುತ್ತಿದ್ದ ವಯಸ್ಸಿನಿಂದ ಅವರು ಕೂತದ್ದು ಆ ಒಂದೇ ಜಾಗದಲ್ಲಿ. ಮನೆಯಲ್ಲಿ ಒಳ್ಳೆಯ ಕುರ್ಚಿಗಳಿವೆ, ಯಾವುದರಲ್ಲೂ ಅವರಿಗೆ ಕೂರಲು ಬರುವುದಿಲ್ಲ. ಕಾಲು ತಾನಾಗಿಯೇ ಇಲ್ಲದ ಯಂತ್ರವನ್ನು ತುಳಿಯಲು ಶುರುಮಾಡುತ್ತದೆ. ಸಂಕಟವಾದಾಗ ನಾನು ಬೈಯುತ್ತೇನೆ.

"ಇದಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ಕೋತೀರಾ? ನಿಮ್ಮ ತಾತನ್ನ ಹುಡ್ಕೋದು ನಂಗೆ ನೀರು ಕುಡಿದಷ್ಟು ಸುಲಭ. ಮನೆಗೆ ಹೋಗಿ."

ನೀರು ಗಂಟಲಲ್ಲಿ ಸಿಕ್ಕಿಕೊಂಡಿತು. ಮಳಿಗೆ ಪುಸ್ತಕದಲ್ಲಿ ಮೂಲ ಹಿಡುವಳಿದಾರರು "ಹೊಂಡದ ಬೀದಿಯ ದರ್ಜಿ" ಎಂದಿತ್ತು. ಸರಿ, ನಮ್ಮದು ಹೊಂಡದ ಬೀದಿಯೇ. ಆ ದರ್ಜಿಯ ಮಗ ನನ್ನ ತಾತ, ಅವರ ಮಗ ಮಾಮ ಎಂದು ತೋರಿಸಿದರೆ ಮುಗಿಯಿತು. ಜನನ ಪುಸ್ತಕ ತೆಗೆದು ಮುತ್ತಜ್ಜಿಯ ನಾಲ್ಕು ಮಕ್ಕಳನ್ನೂ ಹುಡುಕಿದೆ. ತಾಯಿ ಅವಳೇ, ಮನೆ ಅದೇ, ಸೂಲಗಿತ್ತಿಯೂ ಒಬ್ಬಳೇ. ಆದರೆ ಮೊದಲ ಮಗಳ ತಂದೆ "ರೈಲ್ವೆ ಗಾರ್ಡ್ ಸಾಹೇಬರು". ಎರಡನೆಯ ಮಗನ, ಅಂದರೆ ನನ್ನ ತಾತನ, ತಂದೆ "ಬ್ಯಾಂಡಿನವರು". ಮೂರನೆಯವನಿಗೆ "ವಕೀಲರು". ಕೊನೆಯವಳಿಗೆ "ದೊಡ್ಡ ಹೋಟೆಲಿನ ಅಡುಗೆಯವರು". ದರ್ಜಿ ಎಂಬ ಪ್ರಾಣಿ ಎಲ್ಲೂ ಇಲ್ಲ.

ಸಂಜೆ ಮಾಮನ ಮನೆಗೆ ಹೋಗಿ ವಿಷಯ ಹೇಳಿದೆ. ಮಾಮ ಆಟದ ರೆಫರಿಗಳು ಹಾಕುವ ಕಪ್ಪು ಬಿಳಿ ಪಟ್ಟೆಯ ಅಂಗಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಚಹಾ ಅಂಗಿಯ ಬಿಳಿ ಪಟ್ಟೆಗೇ ಚೆಲ್ಲಿತು. ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು.

"ನಾಲ್ಕು ಜನಾನಾ? ಸರಿಯಾಗಿ ನೋಡಿದೀಯಾ?"

"ನಾಲ್ಕು ಜನ. ಒಬ್ಬೊಬ್ಬರಿಗೆ ಒಂದೊಂದು ಮಗು."

"ನಂಗೆ ಒಂದನ್ನೇ ಸಂಭಾಳಿಸಿ ಸಾಕಾಗಿದೆ," ಎಂದು ಅತ್ತೆ ಮಾಮನ ಕಡೆ ನೋಡಿದರು. "ಆ ಮಹಾತಾಯಿ ಕಾಲಿಗೆ ಬೀಳ್ಬೇಕು. ಅದೂ ಆರಿಸಿದಾಳೆ ನೋಡು. ಓಡಾಡೋಕೆ ರೈಲು, ಮನರಂಜನೆಗೆ ಬ್ಯಾಂಡು, ಜಗಳ ಬಂದ್ರೆ ವಕೀಲ, ಕೊನೇಗಾಲಕ್ಕೆ ಅಡುಗೆಯವನು. ತಲೆ ಇರೋ ಹೆಂಗಸು."

"ನಮ್ಮಜ್ಜೀನ ಹಾಗೆಲ್ಲ ಅನ್ಬೇಡ ಕಣೇ," ಎಂದು ಮಾಮ ಗೋಗರೆದರು. "ನಮ್ಮಪ್ಪ ಬ್ಯಾಂಡಿನವನ ಮಗ ಅಂತಾದ್ರೆ ಅಂಗಡಿ ಗತಿ ಏನು?"

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅತ್ತೆಗೆ ನಗು ತಡೆಯಲಾಗುತ್ತಿರಲಿಲ್ಲ, ಮಾಮನ ಕಾಲು ಕುರ್ಚಿಯ ಕೆಳಗೆ ಯಂತ್ರ ತುಳಿಯುತ್ತಿತ್ತು.

ಮುಂದಿನ ದಿನಗಳಲ್ಲಿ ನಾನು ಆ ನಾಲ್ವರು ಗಂಡಸರ ಬೆನ್ನು ಹತ್ತಿದೆ. ಒಬ್ಬನೂ ಸಿಗಲಿಲ್ಲ. ಗಾರ್ಡ್ ಸಾಹೇಬರು ಒಂದು ಮಗುವಿನ ಜನನ ಬರೆಸಿ ಹೋದವರು ಆಮೇಲೆ ಯಾವ ರೈಲು ಹತ್ತಿದರೋ, ಮನೆ ಕಂದಾಯದಲ್ಲೂ ಇಲ್ಲ, ಮರಣದಲ್ಲೂ ಇಲ್ಲ. ವಕೀಲರ ಪಟ್ಟಿಯಲ್ಲಿ ಆ ಬೀದಿಯ ವಕೀಲರೇ ಇಲ್ಲ. ಬ್ಯಾಂಡಿನವರು ಒಂದೇ ಒಂದು ದಿನ ಈ ಭೂಮಿಯ ಮೇಲೆ ಕಾಣಿಸಿಕೊಂಡು, ನನ್ನ ತಾತನಿಗೆ ತಂದೆಯಾಗಿ, ಮಾಯವಾಗಿದ್ದರು. ಅತ್ತ ದರ್ಜಿಯೋ, ಕಂದಾಯ ಕಟ್ಟಿದ್ದಾರೆ, ಮಳಿಗೆಗೆ ಸುಣ್ಣ ಹೊಡೆಸಿಲ್ಲವೆಂದು ಬೈಸಿಕೊಂಡಿದ್ದಾರೆ, ಮುಪ್ಪಿನಲ್ಲಿ ಸತ್ತಿದ್ದಾರೆ, ಮಕ್ಕಳನ್ನು ಮಾತ್ರ ಪಡೆದಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಕಿಟಕಿಯ ಚಪ್ಪಲಿಗಳನ್ನು ನೋಡುತ್ತ ಇವರೆಲ್ಲರಿಗೂ ಶಾಪ ಹಾಕಿದೆ.

ಗಂಟು ಬಿಚ್ಚಿದ್ದು ಮೇಲಿನ ಮಹಡಿಯ ಕೌಂಟರಿನಲ್ಲಿ. ಮಾಮ ನೋಟೀಸಿಗೆ ಉತ್ತರ ಕೊಟ್ಟು ಹೋದರೆಂದು ಕೇಳಿ, ಸ್ವೀಕೃತಿ ಪುಸ್ತಕ ನೋಡಲು ಹೋದೆ. ಕೌಂಟರ್ ಗುಮಾಸ್ತ ಹೋದ ವರ್ಷ ಬಂದವನು. ಬಾಯಿ ಕಡಿಮೆ, ಬರಹ ಮುತ್ತಿನ ಹಾಗೆ. ಮುತ್ತಿನಂಥ ಆ ಅಕ್ಷರಗಳಲ್ಲಿ "ಅರ್ಜಿದಾರರು: ಹೋಟೆಲ್ ಮಾಣಿ" ಎಂದಿತ್ತು.

"ಇದ್ಯಾರು ಹೋಟೆಲ್ ಮಾಣಿ?" ಎಂದೆ.

"ಬೆಳಿಗ್ಗೆ ಬಂದಿದ್ರಲ್ಲ, ಮಳಿಗೆ ವಿಷಯ."

"ಅವರು ನಮ್ಮ ಮಾಮ! ದರ್ಜಿ! ಮಾಣಿ ಅಂತ ಯಾರಯ್ಯ ಹೇಳಿದ್ದು ನಿಂಗೆ?"

"ಹೇಳ್ಬೇಕಾ ಮೇಡಂ?" ಎಂದು ಅವನು ನನ್ನನ್ನೇ ಕನಿಕರದಿಂದ ನೋಡಿದ. "ಬಿಳಿ ಕೋಟು, ಕೆಂಪು ಬೆಲ್ಟು, ಜೇಬಿನ ಮೇಲೆ ಹೋಟೆಲ್ ಚಿತ್ರ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಅಲ್ಲಿಂದ ನೇರವಾಗಿ ಮಾಮನ ಅಂಗಡಿಗೆ ಓಡಿದೆ.

ವಿಷಯ ಇಷ್ಟು. ನಮ್ಮ ಮನೆತನದ ದರ್ಜಿಗಳು ತಮಗೆಂದು ಎಂದೂ ಬಟ್ಟೆ ಹೊಲಿದುಕೊಳ್ಳುವುದಿಲ್ಲ. ಹೊಲಿಯಲು ಕೊಟ್ಟವರು ಬಂದು ಒಯ್ಯದೆ ಬಿಟ್ಟ ಬಟ್ಟೆಗಳನ್ನು ವರ್ಷಗಟ್ಟಲೆ ಕಾಯುತ್ತಾರೆ. ಇನ್ನು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಲ್ಲಲ್ಲಿ ಹಿಡಿದು, ಬಿಚ್ಚಿ, ತಾವೇ ಹಾಕಿಕೊಳ್ಳುತ್ತಾರೆ. ಹೊಲಿದ ಬಟ್ಟೆಗೆ ಒಂದು ಮೈ ಬೇಕು, ಇಲ್ಲದಿದ್ದರೆ ಬಟ್ಟೆಗೆ ಬೇಜಾರಾಗುತ್ತದೆ ಎಂದು ಮಾಮ ಹೇಳುತ್ತಾರೆ. ಹುಟ್ಟಿದಾಗಿನಿಂದ ಅವರನ್ನು ರೆಫರಿಯಾಗಿ, ನರ್ಸಾಗಿ, ಪೋಸ್ಟ್‌ಮ್ಯಾನಾಗಿ ನೋಡಿ ನೋಡಿ ನಮಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

"ಮಾಮ, ನಿಮ್ಮ ತಾತಾನೂ ಹೀಗೇ ಹಾಕ್ಕೋತಿದ್ರಾ?" ಎಂದು ಏದುಸಿರಿನಲ್ಲಿ ಕೇಳಿದೆ.

"ಮತ್ತೆ? ಶುರು ಮಾಡಿದ್ದೇ ಅವರು. ಅವರ ಹತ್ರ ಒಂದು ಗಾರ್ಡ್ ಕೋಟಿತ್ತಂತೆ, ಜೇಬಲ್ಲಿ ಸೀಟಿ ಸಮೇತ. ಮಗು ಅತ್ರೆ ಊದ್ತಿದ್ರಂತೆ."

"ಬ್ಯಾಂಡಿನ ಕೋಟು?"

"ಅದು ನಮ್ಮಪ್ಪನಿಗೂ ಬಂದಿತ್ತಲ್ಲ! ಭುಜದ ಮೇಲೆ ಕುಚ್ಚು ಕುಚ್ಚು." ಅಷ್ಟು ಹೇಳಿ ಮಾಮ ಯಂತ್ರ ನಿಲ್ಲಿಸಿದರು. "ಅಯ್ಯೋ. ಅಯ್ಯಯ್ಯೋ ಪುಟ್ಟೀ."

ಮುತ್ತಾತ ಒಂದೊಂದು ಮಗು ಹುಟ್ಟಿದಾಗಲೂ ಆ ಹೊತ್ತಿಗೆ ಯಾರು ಬಿಟ್ಟುಹೋದ ಬಟ್ಟೆ ಕೈಗೆ ಬಂದಿತ್ತೋ ಅದನ್ನು ಹಾಕಿಕೊಂಡು ಪುರಸಭೆಗೆ ಬಂದಿದ್ದರು. ಜಂಬದ ಗುಮಾಸ್ತ ತಲೆಯೆತ್ತಿ ಕೋಟು ನೋಡಿ ಬರೆದಿದ್ದ. ನಾಲ್ವರು ಗಂಡಂದಿರೂ ಒಬ್ಬರೇ. ಈ ಸುದ್ದಿ ಕೇಳಿ ನಿರಾಸೆಯಾದದ್ದು ಅತ್ತೆಗೆ ಒಬ್ಬರಿಗೇ.

ಆದರೆ ಇದನ್ನು ಕಚೇರಿ ನಂಬಬೇಕಲ್ಲ. ಕೌಂಟರ್ ಗುಮಾಸ್ತನಿಗೆ ಹೇಳಿದರೆ ಅವನು ಕೇಳಿಸಿಕೊಂಡು ನಕ್ಕ. "ಬಟ್ಟೆ ನೋಡಿ ಯಾರಾದ್ರೂ ದಾಖಲೆ ಬರೀತಾರಾ ಮೇಡಂ?" ಎಂದ. ನನ್ನ ಕೈಯಲ್ಲಿದ್ದದ್ದು ತೆಳ್ಳನೆಯ ಕಡತವಾದ್ದರಿಂದ ಅವನು ಬದುಕಿಕೊಂಡ. ವಿಚಾರಣೆಗೆ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆ, ಬಹಳ ಕಟ್ಟುನಿಟ್ಟು, ಬರೆದದ್ದನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ, ಅವರಿಗೇ ಹೇಳಿಕೊಳ್ಳಿ ಎಂದ.

ವಿಚಾರಣೆಯ ದಿನ ನಾನು ಕಡತಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುವುದರಲ್ಲಿ ಅನಾಹುತ ಆಗಿಹೋಗಿತ್ತು. ದೊಡ್ಡ ದಿನವೆಂದು ಅತ್ತೆ ಅಂಗಡಿಯ ಬೀರುವಿನಿಂದ ಇದ್ದುದರಲ್ಲಿ ಒಳ್ಳೆಯ ಕೋಟನ್ನು ತೆಗೆದು ಮಾಮನಿಗೆ ತೊಡಿಸಿ ಕಳಿಸಿದ್ದರು. ಕಡುನೀಲಿ, ಹಿತ್ತಾಳೆ ಗುಂಡಿ. ಯಾವ ಕಾಲದಿಂದಲೋ ತೂಗುಹಾಕಿತ್ತು, ಅದರ ಚೀಟಿಯನ್ನು ಇಲಿ ತಿಂದಿತ್ತು. ಮೇಲಿನ ಕಚೇರಿಯ ಅಧಿಕಾರಿಗಳು ಹಾಕುವುದೂ ಅದೇ ಕೋಟು ಎಂದು ಅತ್ತೆಗೇನು ಗೊತ್ತು?

ಬಾಗಿಲಲ್ಲಿ ಕಾವಲಿನವನು ಸೆಲ್ಯೂಟ್ ಹೊಡೆದಿದ್ದಾನೆ. ಗುಮಾಸ್ತ ಎದ್ದು ನಿಂತು, ಎತ್ತರದ ಕುರ್ಚಿಯ ಧೂಳು ಒರೆಸಿ, ಕೂರಿಸಿ, ನೀರು ಕೊಟ್ಟಿದ್ದಾನೆ. ಯಾರಾದರೂ ಕೂರಲು ಹೇಳಿದರೆ ಬೇಡವೆನ್ನುವ ಸ್ವಭಾವ ಮಾಮನದಲ್ಲ. ನಾನು ಒಳಗೆ ಕಾಲಿಡುವಾಗ ಅವರು ಒಂದು ತೀರ್ಪು ಕೊಡುತ್ತಿದ್ದರು. ಬೀಗದ ಅಂಗಡಿಯವನ ಬೋರ್ಡು ತನ್ನ ಬಾಗಿಲನ್ನು ಮುಚ್ಚುತ್ತದೆ ಎಂದು ಸೋಪಿನ ಅಂಗಡಿಯವಳ ದೂರು.

"ಬೋರ್ಡು ಮರದ್ದೋ ಬಟ್ಟೇದೋ?" ಎಂದು ಮಾಮ ಕೇಳಿದರು.

"ಬಟ್ಟೇದು ಸ್ವಾಮಿ."

"ಹಾಗಾದ್ರೆ ಜಗಳ ಯಾಕೆ? ಎಡಗಡೆ ಒಂದು ಗೇಣು ಒಳಗೆ ಮಡಚಿ ಹೊಲಿದ್ರೆ ಆಯ್ತು. ನಾಳೆ ತಂದ್ಕೊಡಿ, ನಾನೇ ಹಾಕ್ಕೊಡ್ತೀನಿ."

ಇಬ್ಬರೂ ಕೈಮುಗಿದು ಹೋದರು. ಗುಮಾಸ್ತ "ಒಂದು ಗೇಣು ಒಳಗೆ ಮಡಚತಕ್ಕದ್ದು" ಎಂದು ಮುತ್ತಿನಂಥ ಅಕ್ಷರಗಳಲ್ಲಿ ಆದೇಶ ಬರೆದುಕೊಂಡ.

ನಾನು ಹೋಗಿ ಮಾಮನ ಕಿವಿಯಲ್ಲಿ, "ಇಳೀರಿ ಕೆಳಗೆ!" ಎಂದು ಹಲ್ಲು ಕಚ್ಚಿ ಹೇಳಿದೆ.

"ಇವರೇ ಕೂತ್ಕೊಳ್ಳಿ ಅಂದ್ರು ಪುಟ್ಟೀ," ಎಂದರು ಮಾಮ, ಎಲ್ಲರಿಗೂ ಕೇಳುವಂತೆ. "ಮೊದ್ಲಿಗೆ ನನ್ನ ಅಂಗಡೀದು ಕೇಳ್ತಾರೆ ಅಂದ್ಕೊಂಡೆ, ಬರೀ ಬೇರೆಯವರದೇ ಹೇಳ್ತಿದಾರೆ."

ಗುಮಾಸ್ತನ ಪೆನ್ನು ನಿಂತಿತು. "ಯಾವ ಅಂಗಡಿ? ತಾವು ವಿಚಾರಣಾಧಿಕಾರಿಗಳಲ್ವಾ?"

"ನಾನೇ ವಿಚಾರಣಾಧಿಕಾರಿ," ಎಂಬ ದನಿ ಬಾಗಿಲ ಪಕ್ಕದ ಬೆಂಚಿನಿಂದ ಬಂತು. ಮಳೆಯೆಂದು ಕೋಟು ಹಾಕದೆ ಬಂದಿದ್ದ, ಬಿಳಿ ಅಂಗಿಯ, ದಪ್ಪನೆಯ ಮನುಷ್ಯರೊಬ್ಬರು ಎದ್ದು ನಿಂತರು. ಗಾಳಿಗೆ ತಿರುವುಮುರುವಾದ ಛತ್ರಿಯ ಕಡ್ಡಿಗಳನ್ನು ಅಷ್ಟು ಹೊತ್ತೂ ಬೆಂಚಿನಲ್ಲಿ ಕೂತು ಸರಿಮಾಡುತ್ತಿದ್ದವರು. "ಬಂದ ಕೂಡ್ಲೆ ಹೇಳಿದೆ. ನಿಮ್ಮ ಸರದಿ ಬಂದಾಗ ಕರೀತೀವಿ ಅಂದ್ರಿ."

ಕಾವಲಿನವನು ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿದ. ಮಾಮ ಕುರ್ಚಿಯಿಂದ ಇಳಿದರು. ಅಧಿಕಾರಿಗಳು ಗುಡುಗುತ್ತಾರೆ, ಅಂಗಡಿ ಹೋಯಿತು ಎಂದುಕೊಂಡೆ. ಆದರೆ ಅವರು ಮಾಮನ ಹತ್ತಿರ ಬಂದು ಕೋಟನ್ನೇ ದಿಟ್ಟಿಸುತ್ತಿದ್ದರು.

"ಒಳಗಡೆ, ಎಡಕ್ಕೆ, ಕನ್ನಡಕ ಇಡೋಕೆ ಒಂದು ಉದ್ದನೆ ಜೇಬು ಇದೆಯಾ?"

ಮಾಮ ಕೋಟು ಬಿಡಿಸಿ ನೋಡಿದರು. ಇತ್ತು.

"ಇದು ನನ್ನ ಕೋಟು," ಎಂದರು ಅಧಿಕಾರಿಗಳು. ಅವರ ಮುಖ ಕೆಂಪಾಗಿತ್ತು. "ಈ ಕಚೇರೀಲೇ ಸಣ್ಣ ಕೆಲಸದಲ್ಲಿದ್ದೆ. ಬಡ್ತಿ ಬಂದೇಬಿಡ್ತು ಅಂತ ಯಾರೋ ಹೇಳಿದ್ರು. ಅವತ್ತೇ ಹೋಗಿ ಹೊಲಿಯೋಕೆ ಕೊಟ್ಟೆ. ಬಡ್ತಿ ಇನ್ನೊಬ್ಬನಿಗೆ ಹೋಯ್ತು. ಕೋಟು ಕೇಳೋಕೆ ಯಾವ ಮುಖ ಇಟ್ಕೊಂಡು ಬರ್ಲಿ? ಆಮೇಲೆ ವರ್ಗ ಆಗೋವರೆಗೂ ಮಳಿಗೆ ಸಾಲಿನಲ್ಲಿ ನಡೀಲೇ ಇಲ್ಲ, ಸುತ್ತು ಹಾಕ್ಕೊಂಡು ಮನೆಗೆ ಹೋಗ್ತಿದ್ದೆ."

"ನಾವು ಬಹಳ ಕಾದ್ವಿ ಸ್ವಾಮಿ," ಎಂದರು ಮಾಮ ಮೃದುವಾಗಿ.

ಇದೇ ಸಮಯ ಎಂದು ನಾನು ಕಡತಗಳನ್ನು ಮೇಜಿನ ಮೇಲೆ ಬಿಚ್ಚಿದೆ. ಗಾರ್ಡು, ಬ್ಯಾಂಡು, ವಕೀಲ, ಅಡುಗೆಯವರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ನಾಲ್ಕು ಮಕ್ಕಳು, ಒಬ್ಬಳೇ ತಾಯಿ, ಒಂದೇ ಮನೆ, ತಂದೆ ಮಾತ್ರ ಆ ದಿನದ ಕೋಟು. ಅಧಿಕಾರಿಗಳು ಓದಿ ತಲೆಯಾಡಿಸಿದರು.

"ಕೇಳೋಕೆ ಚೆನ್ನಾಗಿದೆ ಅಮ್ಮ. ಆದ್ರೆ ಸರ್ಕಾರಿ ಪುಸ್ತಕದಲ್ಲಿ ಬಟ್ಟೆ ನೋಡಿ ಬರೆದುಬಿಡ್ತಾರೆ ಅಂತ ನಾನು ಹೇಗೆ ಒಪ್ಲಿ?"

ನಾನು ಗುಮಾಸ್ತನ ಮೊಣಕೈ ಕೆಳಗಿದ್ದ ಆವತ್ತಿನ ಭೇಟಿಯ ಪುಸ್ತಕವನ್ನು ಎಳೆದೆ. ಅವನು ಬಿಡಲಿಲ್ಲ. ನಾನು ಅವನಿಗಿಂತ ಜೋರಾಗಿ ಎಳೆದೆ. ಮೊದಲ ಸಾಲಿನಲ್ಲಿ ಮಾಮ ಬಂದ ಹೊತ್ತಿಗೆ "ಮಾನ್ಯ ವಿಚಾರಣಾಧಿಕಾರಿಗಳು ದಯಮಾಡಿಸಿದರು" ಎಂದಿತ್ತು. ಅದರ ಕೆಳಗಿನ ಸಾಲನ್ನು ಅಧಿಕಾರಿಗಳು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಛತ್ರಿ ರಿಪೇರಿಯವರು."

ಗುಮಾಸ್ತ ಪೆನ್ನಿನ ಮುಚ್ಚಳ ಹುಡುಕತೊಡಗಿದ.

"ನಾಳೆ ನಿಮ್ಮ ಮೊಮ್ಮಕ್ಕಳು ಬಂದು ನನ್ನ ಕೋಣೇಲಿ ನಿಮ್ಮನ್ನ ಹುಡುಕಿದ್ರೆ ನಾನು ಏನು ಹೇಳ್ಲಿ ಸಾರ್?" ಎಂದೆ. "ನಿಮ್ಮ ತಾತ ದೊಡ್ಡ ಅಧಿಕಾರಿ ಅಂತ ಹೇಳ್ಲಾ? ಛತ್ರಿ ರಿಪೇರಿ ಮಾಡ್ತಿದ್ರು ಅಂತ ಹೇಳ್ಲಾ? ಇದನ್ನೇ ನಾವು ಅನುಭವಿಸ್ತಿರೋದು."

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಕೊನೆಗೆ ನಗು ಬಾಯಿಗೆ ಬಂತು. ಕಣ್ಣೊರೆಸಿಕೊಂಡು ಮಾಮನ ಕಡೆ ತಿರುಗಿ, ಚಿಕ್ಕ ಹುಡುಗನ ಹಾಗೆ ಕೇಳಿದರು: "ಒಂದ್ಸಲ ಹಾಕ್ಕೊಂಡು ನೋಡ್ಲಾ?"

ಗಿರಾಕಿ ಬಂದು ಕೇಳಿದ ಮೇಲೆ ಮಾಮ ಎರಡನೆಯ ಮಾತಾಡುವವರಲ್ಲ. ಎಲ್ಲರೆದುರಿಗೆ ಕೋಟು ಬಿಚ್ಚಿ, ಕೊಡವಿ, ಹಿಂದಿನಿಂದ ತೊಡಿಸಿದರು. ಅದರೊಳಗೆ ಅಂಗಿ ಇರಲಿಲ್ಲ, ಮಾಮ ಬನಿಯನ್ನಿನಲ್ಲಿ ಉಳಿದರು. ಕೋಟಿನ ಎರಡು ಅಂಚುಗಳು ಅಧಿಕಾರಿಗಳ ಹೊಟ್ಟೆಯ ಆ ಕಡೆ ಈ ಕಡೆ ನಿಂತು ದೂರದ ನೆಂಟರಂತೆ ಮುಖ ನೋಡಿಕೊಂಡವು. ಮಾಮ ಹೊಲಿಗೆಯ ಒಳಗಿನ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಬೇಕಾದಷ್ಟು ಬಟ್ಟೆ ಒಳಗೆ ಬಿಟ್ಟಿದೀವಿ, ಬಿಚ್ಚಿದ್ರೆ ಸರಿಹೋಗುತ್ತೆ. ನಾಳೆ ಅಂಗಡಿಗೆ ಬನ್ನಿ." ಅಷ್ಟು ಹೇಳಿ ಏನೋ ನೆನಪಾಗಿ ಅವರ ಮುಖ ಸಣ್ಣದಾಯಿತು. "ಅಂಗಡಿ ಇದ್ರೆ."

"ಇರುತ್ತೆ ಬಿಡಿ," ಎಂದರು ಅಧಿಕಾರಿಗಳು. ಗುಮಾಸ್ತನಿಗೆ, "ಇವರ ಮಳಿಗೆ ಮುಂದುವರಿಸಿ. ಹಳೇದನ್ನೆಲ್ಲ ಹೊಡೆದುಹಾಕಿ, ವಿವರ ಹೊಸದಾಗಿ ಬರ್ಕೊಳ್ಳಿ," ಎಂದರು.

ಗುಮಾಸ್ತ ಹೊಸ ಹಾಳೆ ತೆಗೆದು, ಪೆನ್ನು ಹಿಡಿದು, ಅಭ್ಯಾಸಬಲದಿಂದ ತಲೆಯೆತ್ತಿದ. ಮಾಮನನ್ನು ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಒಂದು ಬನಿಯನ್ನು, ಒಂದು ಬೂದು ಪ್ಯಾಂಟು, ತೆಳ್ಳನೆಯ ಮುದಿ ತೋಳುಗಳು. ಅದರಲ್ಲಿ ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

"ತಾವು ಏನು ಕೆಲಸ ಮಾಡ್ತೀರಾ?"

ಮಾಮ ಬನಿಯನ್ನನ್ನು ಎರಡೂ ಕೈಯಿಂದ ಕೆಳಗೆ ಎಳೆದುಕೊಂಡು ನೆಟ್ಟಗೆ ನಿಂತರು. ನನಗೆ ಯಾಕೋ ಅಳು ಬಂತು, ಕಡತದಿಂದ ಮುಖ ಮುಚ್ಚಿಕೊಂಡೆ.

"ದರ್ಜಿ," ಎಂದರು.

"ತಂದೆ?"

"ದರ್ಜಿ."

"ತಾತ?"

"ಅವರೂ ದರ್ಜೀನೇ ಸ್ವಾಮಿ," ಎಂದರು ಮಾಮ. "ಅವರನ್ನ ಯಾರೂ ಕೇಳ್ಲಿಲ್ಲ, ಅಷ್ಟೆ."